ಮೋಡದ ರಾತ್ರಿಯ ಎಣಿಕೆ

ಪ್ರತಿ ವರ್ಷವೂ ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿ ನಮ್ಮ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಆಕಾಶದಲ್ಲಿ ಉಲ್ಕೆಗಳ ಮಳೆ; ಗಂಟೆಗೆ ನೂರು ಉಲ್ಕೆಗಳನ್ನು ಕಾಣಬಹುದು; ದುರ್ಬೀನು ಬೇಡ, ಬರಿಗಣ್ಣೇ ಸಾಕು; ನಡುರಾತ್ರಿಯ ಮೇಲೆ ಈಶಾನ್ಯಕ್ಕೆ ಮುಖ ಮಾಡಿ ಕುಳಿತರಾಯಿತು. ಸುದ್ದಿಯ ಕೊನೆಯ ಸಾಲಿನಲ್ಲಿ, ಔಷಧದ ಸೀಸೆಯ ಮೇಲಿನ ಎಚ್ಚರಿಕೆಯಷ್ಟೇ ಸಣ್ಣಗೆ, 'ಮೋಡವಿಲ್ಲದಿದ್ದರೆ' ಎಂಬ ಮಾತೂ ಇರುತ್ತದೆ. ಮಾರನೆಯ ದಿನದ ಪತ್ರಿಕೆಯಲ್ಲಿ ಮಾತ್ರ ಏನೂ ಇರುವುದಿಲ್ಲ. ಯಾರು ನೋಡಿದರು, ಎಷ್ಟು ಹೊತ್ತು ನೋಡಿದರು, ಎಷ್ಟು ಉಲ್ಕೆಗಳು ಕಂಡವು, ಆಕಾಶದ ಎಷ್ಟು ಪಾಲು ಮೋಡದಿಂದ ಮರೆಯಾಗಿತ್ತು, ಯಾವುದೂ ಇಲ್ಲ. ಮದುವೆಯ ಕರೆಯೋಲೆಯನ್ನು ಊರಿಗೆಲ್ಲ ಹಂಚಿ, ಮದುವೆ ನಡೆಯಿತೋ ಇಲ್ಲವೋ ಎಂಬುದನ್ನು ಯಾರಿಗೂ ತಿಳಿಸದೆ ಬಿಟ್ಟಂತೆ ಇದು.

ಈ ಮೌನ ಸರಿಯಲ್ಲ ಎಂಬುದೇ ನನ್ನ ಈ ಲೇಖನದ ವಾದ. ಮೋಡ ಕವಿದ ರಾತ್ರಿಯ ಎಣಿಕೆಯನ್ನೂ ಬರೆದಿಡಬೇಕು. ಮೋಡವನ್ನು ಮರೆಮಾಚದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ ಬರೆದಿಡಬೇಕು. ಇದು ಖಗೋಳವಿಜ್ಞಾನಕ್ಕೆ ಮಾತ್ರ ಸೇರಿದ ಮಾತಾಗಿದ್ದರೆ ಸಾಹಿತ್ಯಪ್ರಿಯರಾದ ಓದುಗರ ಭಾನುವಾರವನ್ನು ನಾನು ಕೆಡಿಸುತ್ತಿರಲಿಲ್ಲ.

ಆಗಸ್ಟ್ ತಿಂಗಳ ಈ ಉಲ್ಕಾವೃಷ್ಟಿಗೆ ಪರ್ಸೀಡ್ ಎಂದು ಹೆಸರು. ಕೃತ್ತಿಕೆಯ ಉತ್ತರಕ್ಕಿರುವ ಪರ್ಸಿಯಸ್ ಎಂಬ ನಕ್ಷತ್ರಪುಂಜದ ಕಡೆಯಿಂದ ಈ ಉಲ್ಕೆಗಳು ಹೊರಟು ಬಂದಂತೆ ತೋರುವುದರಿಂದ ಆ ಹೆಸರು. 1862ರಲ್ಲಿ ಕಂಡುಹಿಡಿದ, ಸುಮಾರು 133 ವರ್ಷಗಳಿಗೊಮ್ಮೆ ಸೂರ್ಯನ ಬಳಿಗೆ ಬರುವ, 1992ರಲ್ಲಿ ಮತ್ತೆ ಬಂದುಹೋದ ಸ್ವಿಫ್ಟ್-ಟಟ್ಲ್ ಎಂಬ ಧೂಮಕೇತು ತನ್ನ ದಾರಿಯುದ್ದಕ್ಕೂ ಚೆಲ್ಲಿರುವ ಧೂಳಿನ ಹೊಳೆಯನ್ನು ಭೂಮಿ ವರ್ಷಕ್ಕೊಮ್ಮೆ ಹಾಯುತ್ತದೆ. ಮರಳಿನ ಕಣದಷ್ಟು ಗಾತ್ರದ ತುಣುಕುಗಳು ಸೆಕೆಂಡಿಗೆ 59 ಕಿಲೋಮೀಟರ್ ವೇಗದಲ್ಲಿ ನಮ್ಮ ವಾಯುಮಂಡಲಕ್ಕೆ ನುಗ್ಗಿ, ನೆಲದಿಂದ ನೂರು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಉರಿದು ಬೆಳಗಿ ಇಲ್ಲವಾಗುತ್ತವೆ. ಧೂಮಕೇತುವಿಗೂ ಈ ಉಲ್ಕೆಗಳಿಗೂ ಇರುವ ನಂಟನ್ನು 1866ರಲ್ಲಿ ತೋರಿಸಿಕೊಟ್ಟವನು ಇಟಲಿಯ ಶಿಯಾಪರೆಲ್ಲಿ. ನಮ್ಮ ಮೋಡಗಳಾದರೋ ಅದಕ್ಕಿಂತ ಬಹಳ ಕೆಳಗಿನವು. ಎಂದರೆ ಉಲ್ಕೆಗೆ ಮೋಡದ ಸುದ್ದಿಯೇ ತಿಳಿಯದು. ಅದು ತನ್ನ ಪಾಡಿಗೆ ಉರಿದು ಮುಗಿಯುತ್ತದೆ, ಅಡ್ಡಿಯೇನಿದ್ದರೂ ನಮಗೆ.

ಈ ಉತ್ಸವ ಬರುವ ಕಾಲವಾದರೂ ಎಂಥದು! ಯುರೋಪಿನವರಿಗೆ ಆಗಸ್ಟ್ ಎಂದರೆ ಬೇಸಗೆಯ ರಜೆ, ಹುಲ್ಲುಗಾವಲು, ಬೆಚ್ಚನೆಯ ರಾತ್ರಿ. ನಮಗೆ ಅದು ಆಶ್ಲೇಷದ ಮಳೆ. ನಮ್ಮ ರೈತರು ಅಸಲೆ ಎನ್ನುವುದೂ ಇದನ್ನೇ. ಕನ್ನಡ ನಾಡಿನ ಒಕ್ಕಲುತನದಲ್ಲಿ ನಕ್ಷತ್ರವೆಂದರೆ ಮಳೆ: ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ. ಆಯಾ ಮಳೆಗೆ ಹೆಸರು ಕೊಟ್ಟ ನಕ್ಷತ್ರದಲ್ಲಿ ಆಗ ಸೂರ್ಯನೇ ಇರುವುದರಿಂದ ಆ ನಕ್ಷತ್ರ ಆ ಹದಿನಾಲ್ಕು ದಿನಗಳೂ ಯಾರ ಕಣ್ಣಿಗೂ ಬೀಳುವಂತಿಲ್ಲ. ಕಾಣದ ನಕ್ಷತ್ರವನ್ನು ನಂಬಿ ಬೀಜ ಬಿತ್ತುವ ಜನ ನಾವು. ಕಾಣದ ಉಲ್ಕೆಯ ಲೆಕ್ಕವನ್ನು ಇಂಥವರಿಗೆ ವಿವರಿಸುವುದು ಅಷ್ಟೇನೂ ಕಷ್ಟವಾಗಬಾರದು ಎಂದು ನಾನು ಭಾವಿಸಿದ್ದೆ.

2023ರ ಆಗಸ್ಟ್ 12ರ ರಾತ್ರಿ, ಶನಿವಾರ, ಶಿರಾ ತಾಲ್ಲೂಕಿನ ಒಂದು ಹಳ್ಳಿಯ ಹೊರಗಿನ ಹಾಸುಬಂಡೆಯ ಮೇಲೆ ನಾನೂ ಐದು ಮಂದಿ ವಿದ್ಯಾರ್ಥಿಗಳೂ ಕುಳಿತಿದ್ದೆವು. ಅಧಿಕ ಶ್ರಾವಣದ ಕೃಷ್ಣಪಕ್ಷ. ಅಮಾವಾಸ್ಯೆಗೆ ಇನ್ನು ಮೂರೇ ದಿನ. ಚಂದ್ರನ ಕಾಟವಿಲ್ಲದ ಪರ್ಸೀಡ್ ಎಲ್ಲ ವರ್ಷವೂ ಸಿಕ್ಕುವುದಿಲ್ಲ. ಜಮಖಾನ, ಕಂಬಳಿ, ಕೆಂಪು ಕಾಗದ ಸುತ್ತಿದ ಎರಡು ಟಾರ್ಚುಗಳು, ಒಂದು ಗಡಿಯಾರ, ಆರು ನೋಟುಪುಸ್ತಕಗಳು, ಒಂದು ಫ್ಲಾಸ್ಕಿನ ತುಂಬ ಚಹ. ಎಲ್ಲವೂ ಸಿದ್ಧವಾಗಿತ್ತು, ಆಕಾಶವೊಂದನ್ನು ಬಿಟ್ಟು. ಹತ್ತು ಗಂಟೆಯಿಂದಲೇ ಪಡುವಣದಿಂದ ಮೋಡ ಹರಿದುಬರುತ್ತಿತ್ತು.

ಆ ವರ್ಷದ ಆಗಸ್ಟ್ ಎಂಥದೆಂಬುದನ್ನು ಓದುಗರು ಮರೆತಿರಲಾರರು. 1901ರಿಂದೀಚೆಗೆ ಭಾರತದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಮುಂದಿನ ತಿಂಗಳು ಕರ್ನಾಟಕದಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಮೋಡ ಬರುತ್ತಿತ್ತು, ಹೋಗುತ್ತಿತ್ತು, ಹನಿ ಬೀಳುತ್ತಿರಲಿಲ್ಲ. ಬಂಡೆಯ ಪಕ್ಕದ ಕಡಲೆಕಾಯಿ ಹೊಲದ ಯಜಮಾನರು, ಅರುವತ್ತು ದಾಟಿದವರು, ಹುಡುಗರ ದನಿ ಕೇಳಿ ದೊಣ್ಣೆ ಹಿಡಿದು ಬಂದರು. ನಾವು ಬಂದ ಕೆಲಸವನ್ನು ಹೇಳಿದೆ. "ಈ ಮೋಡ ಒಂದೆರಡು ಗಂಟೆ ಸರಿದರೆ ಸಾಕಾಗಿತ್ತು" ಎಂದೂ ಬಾಯಿತಪ್ಪಿ ಅಂದುಬಿಟ್ಟೆ. ಅವರು ಒಂದು ಕ್ಷಣ ಸುಮ್ಮನಿದ್ದರು. "ಮೇಷ್ಟ್ರೇ, ಇಪ್ಪತ್ತು ದಿವಸದಿಂದ ನಾನು ಇದೇ ಮೋಡ ಎದುರು ನೋಡ್ತಾ ಕೂತಿದೀನಿ. ನೀವು ಬಂದು ಅದನ್ನ ಸರಿ ಅಂತೀರಲ್ಲ" ಎಂದರು. ಕೋಪವಿರಲಿಲ್ಲ, ಆದರೆ ನಗೆಯೂ ಇರಲಿಲ್ಲ. ನನಗೆ ನಾಚಿಕೆಯಾಯಿತು. ಚಹ ಕೊಟ್ಟೆವು. ಅವರೂ ಬಂಡೆಯ ಮೇಲೆ ನಮ್ಮೊಡನೆ ಕುಳಿತರು. ಆ ರಾತ್ರಿ ಒಂದೇ ಮೋಡವನ್ನು ಎರಡು ಬಗೆಯ ಹಂಬಲದಿಂದ ಏಳು ಮಂದಿ ನೋಡಿದೆವು.

ಪರ್ಸೀಡ್ ಉಲ್ಕೆಗಳ ಹೊರಡುವೆಡೆ ನಮ್ಮ ಅಕ್ಷಾಂಶದಲ್ಲಿ ದಿಗಂತವನ್ನು ದಾಟುವುದೇ ರಾತ್ರಿ ಹತ್ತೂವರೆಯ ಹೊತ್ತಿಗೆ. ಎರಡು ಗಂಟೆಯವರೆಗೆ ಅಲ್ಲೊಂದು ಇಲ್ಲೊಂದು ಕಿಂಡಿಯಲ್ಲಿ ನಕ್ಷತ್ರಗಳು ಇಣುಕಿದವು. ಎರಡರಿಂದ ಎರಡೂವರೆಯವರೆಗೆ ಪೂರ್ತಿ ಮುಚ್ಚಳ. ಆ ಅರ್ಧ ಗಂಟೆಯ ಬಗ್ಗೆ ಒಂದು ಸಣ್ಣ ಜಗಳ ನಡೆಯಿತು. ಎಲ್ಲರೂ ಅರ್ಧ ಗಂಟೆಗೊಮ್ಮೆ ತಮ್ಮ ಪುಸ್ತಕದಲ್ಲಿ ಸಂಖ್ಯೆ ಬರೆಯಬೇಕೆಂಬುದು ನಮ್ಮ ನಿಯಮ. ಒಬ್ಬ ಹುಡುಗ 0 ಎಂದು ಬರೆದ. ಅವನ ಪಕ್ಕದಲ್ಲಿದ್ದ ಹುಡುಗಿ ಅಡ್ಡಗೆರೆಯೊಂದನ್ನು ಎಳೆದು ಸುಮ್ಮನಾದಳು. "ಒಂದೂ ಕಾಣಲಿಲ್ಲ ಅಂದಮೇಲೆ ಸೊನ್ನೆ ತಾನೆ?" ಎಂದು ಅವನು. "ನಾವು ನೋಡಲೇ ಇಲ್ಲವಲ್ಲ, ಸೊನ್ನೆ ಅಂತ ಹೇಗೆ ಬರೆಯೋದು ಸಾರ್?" ಎಂದು ಅವಳು.

ಅವಳು ಹೇಳಿದ್ದು ಸರಿ. ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಅಡಗಿರುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ತಿಳಿಯಾದ ಆಕಾಶವನ್ನು ಅರ್ಧ ಗಂಟೆ ನೋಡಿ ಒಂದೂ ಉಲ್ಕೆ ಕಾಣದಿದ್ದರೆ ಅದು ಸೊನ್ನೆ. ಅದೊಂದು ತಿಳಿವಳಿಕೆ, ಅದಕ್ಕೆ ಬೆಲೆಯಿದೆ. ಮೋಡದ ಅಡಿಯಲ್ಲಿ ಕುಳಿತು ಒಂದೂ ಕಾಣದಿದ್ದರೆ ಅದು ಸೊನ್ನೆಯಲ್ಲ. ಬರಿಯ ಖಾಲಿ ಜಾಗ. ಮೊದಲನೆಯದು ಆಕಾಶದ ವಿಷಯ, ಎರಡನೆಯದು ನಮ್ಮ ವಿಷಯ. ಇವೆರಡನ್ನು ಕಲಸಿದವನು ಇಲ್ಲದ್ದನ್ನು ಕಂಡೆನೆಂದು ಹೇಳುವವನಷ್ಟೇ ದಾರಿ ತಪ್ಪುತ್ತಾನೆ. ನಮ್ಮ ಸಾಹಿತ್ಯ ವಿಮರ್ಶೆಯಲ್ಲಿಯೂ ಈ ಗೊಂದಲ ಇಲ್ಲದಿಲ್ಲ. ತಾವು ಓದದ ಪುಸ್ತಕದಲ್ಲಿ ಏನೂ ಇಲ್ಲವೆಂದು ಬರೆಯುವವರನ್ನು ಎಲ್ಲರೂ ಬಲ್ಲರು. ಅದು ಹಾಗಿರಲಿ.

ಮೂರು ಗಂಟೆಗೆ ಮೋಡ ಹರಿಯಿತು. ಪೂರ್ತಿಯಾಗಿ ಅಲ್ಲ, ಹತ್ತರಲ್ಲಿ ನಾಲ್ಕು ಪಾಲು ಉಳಿದೇ ಇತ್ತು. ಮೂರರಿಂದ ನಾಲ್ಕರವರೆಗಿನ ಆ ಒಂದು ಗಂಟೆಯಲ್ಲಿ ಆ ಹುಡುಗಿ ಒಂಬತ್ತು ಉಲ್ಕೆಗಳನ್ನು ಎಣಿಸಿದಳು. ಒಂದು ಮಾತ್ರ ಹಳದಿಯಾಗಿ, ಬೆನ್ನ ಹಿಂದೆ ಹೊಗೆಯಂಥ ಗೆರೆಯನ್ನು ಎರಡು ಮೂರು ಕ್ಷಣ ಉಳಿಸಿ, ಬ್ರಹ್ಮಹೃದಯ ನಕ್ಷತ್ರದ ಪಕ್ಕದಲ್ಲೇ ಮೋಡದೊಳಗೆ ಹೊಕ್ಕಿತು. ಹೊಲದ ಯಜಮಾನರು "ಅಕೋ" ಎಂದರು. ಅವರು ಅದಕ್ಕಿಂತ ಹೆಚ್ಚೇನನ್ನೂ ಹೇಳಲಿಲ್ಲ. ಉಳಿದ ಹುಡುಗರಿಗೆ ಏಳು, ಎಂಟು, ಆರು, ಹತ್ತು. ಕಣ್ಣು ಮಂಜಾದ ನನಗೆ ಐದು.

ಆಮೇಲೆ ಎರಡನೆಯ ಜಗಳ. ಎಲ್ಲವನ್ನೂ ಕೂಡಿಸಿದರೆ ನಲವತ್ತೈದಾಗುತ್ತದೆ, ಹಾಗೆಂದು ಬರೆಯೋಣ ಎಂದು ಹುಡುಗರ ಸಲಹೆ. ಕೂಡದು ಎಂದೆ. ಒಂದೇ ಉಲ್ಕೆಯನ್ನು ಆರು ಮಂದಿ ನೋಡಿದರೆ ಉಲ್ಕೆ ಆರಾಗುವುದಿಲ್ಲ. ಉಲ್ಕೆಗಳ ಎಣಿಕೆಯಲ್ಲಿ ಪ್ರತಿಯೊಬ್ಬನೂ ಒಂಟಿ. ಅವನ ಕಣ್ಣು, ಅವನ ಗಂಟೆ, ಅವನ ಸಂಖ್ಯೆ. ಪಂಕ್ತಿಯಲ್ಲಿ ಕುಳಿತರೂ ಪ್ರತಿಯೊಬ್ಬನ ಎಲೆ ಬೇರೆ.

ಇನ್ನು ಪತ್ರಿಕೆಗಳ 'ಗಂಟೆಗೆ ನೂರು' ಎಲ್ಲಿಂದ ಬಂದಿತು? ಅದು ಯಾರ ಕಣ್ಣಿಗೂ ಬಿದ್ದ ಸಂಖ್ಯೆಯಲ್ಲ. ಉಲ್ಕೆಗಳು ಹೊರಡುವ ಬಿಂದು ನೆತ್ತಿಯ ಮೇಲೇ ಇದ್ದು, ಆಕಾಶ ಕಾಡಿಗೆಯಂತೆ ಕಪ್ಪಾಗಿದ್ದು, ಒಂದು ಚೂರು ಮೋಡವೂ ಇಲ್ಲದಿದ್ದರೆ ಒಬ್ಬನಿಗೆ ಎಷ್ಟು ಕಂಡಾವು ಎಂಬ ಲೆಕ್ಕ ಅದು. ಶಿರಾದ ಅಕ್ಷಾಂಶದಲ್ಲಿ ಆ ಬಿಂದು ನೆತ್ತಿಗೆ ಬರುವುದೇ ಇಲ್ಲ; ಅತ್ಯಂತ ಮೇಲಕ್ಕೆ ಬಂದಾಗಲೂ 46 ಡಿಗ್ರಿಗೆ ಮುಟ್ಟದು, ಅದೂ ಸೂರ್ಯೋದಯದ ಹೊತ್ತಿಗೆ. ಆದುದರಿಂದ ಕಂಡ ಸಂಖ್ಯೆಯನ್ನು ಆ ಆದರ್ಶದ ಸಂಖ್ಯೆಗೆ ಏರಿಸಲು ಒಂದು ಸಾದಾ ಗಣಿತವಿದೆ. ಬೆಳಗಿನ ಜಾವ ಅದನ್ನು ಬಂಡೆಯ ಮೇಲೆಯೇ ಮಾಡಿದೆವು. ಹುಡುಗಿಗೆ ಕಂಡದ್ದು 9. ಆಕಾಶದ ಹತ್ತರಲ್ಲಿ ಆರು ಪಾಲು ಮಾತ್ರ ತೆರೆದಿತ್ತಾದ್ದರಿಂದ 9ನ್ನು 0.6ರಿಂದ ಭಾಗಿಸಬೇಕು: 15. ಅತ್ಯುತ್ತಮ ಆಕಾಶದಲ್ಲಿ 6.5ನೆಯ ಮಟ್ಟದ ನಕ್ಷತ್ರ ಕಾಣಬೇಕು. ನಮಗೆ ಕಂಡದ್ದು 5.5ರವರೆಗೆ. ಹೆದ್ದಾರಿಯ ದೀಪಗಳ ಮಬ್ಬು ಇತ್ತಲ್ಲ! ಒಂದು ಮಟ್ಟ ಕಡಿಮೆಯಾದರೆ ಪರ್ಸೀಡ್‌ಗಳಿಗೆ 2.2ರಿಂದ ಗುಣಿಸಬೇಕು: 33. ಮೂರೂವರೆ ಗಂಟೆಗೆ ಬಿಂದುವಿನ ಎತ್ತರ 37 ಡಿಗ್ರಿ. ಅದರ ಸೈನ್ 0.6, ಮತ್ತೆ ಭಾಗಿಸಿದರೆ 55. ಒಂಬತ್ತು ಎಂಬುದು ಸಣ್ಣ ಸಂಖ್ಯೆಯಾದುದರಿಂದ ಅದರ ವರ್ಗಮೂಲದಷ್ಟು, ಎಂದರೆ ಮೂರರಷ್ಟು, ಆಕಸ್ಮಿಕದ ಪಾಲು. ಮೂರರಲ್ಲಿ ಒಂದಂಶದ ಅನಿಶ್ಚಯ. ಕೊನೆಗೆ ನಿಂತದ್ದು ಹೀಗೆ: 37ಕ್ಕೂ 73ಕ್ಕೂ ನಡುವೆ ಎಲ್ಲಿಯೋ ಒಂದೆಡೆ.

ಹುಡುಗರ ಮುಖ ಅರಳಿತು. "ಹಾಗಾದರೆ ಐವತ್ತೈದು ನೋಡಿದೆವು ಅಂತ ಬರೆಯಬಹುದಾ ಸಾರ್?"

ಇಲ್ಲಿಯೇ ಎಲ್ಲ ಕಷ್ಟವೂ ಇರುವುದು. ಕನ್ನಡದಲ್ಲಿ 'ಎಣಿಕೆ' ಎಂಬ ಮಾತಿಗೆ ಎರಡು ಅರ್ಥ. ಒಂದೆರಡೆಂದು ಲೆಕ್ಕ ಹಾಕುವುದು ಎಣಿಕೆ; ಹೀಗಾದೀತೆಂದು ಮನಸ್ಸಿನಲ್ಲಿ ಭಾವಿಸುವುದೂ ಎಣಿಕೆ. ನಮ್ಮ ಹಿರಿಯರು ಯಾವ ತಿಳಿವಿನಿಂದ ಎರಡಕ್ಕೂ ಒಂದೇ ಮಾತು ಇಟ್ಟರೋ ಕಾಣೆ. ಮನುಷ್ಯನ ಸ್ವಭಾವ ಅವರಿಗೆ ಚೆನ್ನಾಗಿ ತಿಳಿದಿದ್ದಿರಬೇಕು. ಎರಡನೆಯ ಎಣಿಕೆ ಮೊದಲನೆಯದನ್ನು ನುಂಗಲು ಸದಾ ಹೊಂಚುಹಾಕುತ್ತಿರುತ್ತದೆ. ಪತ್ರಿಕೆ ನೂರು ಎಂದಿದೆ. ಪಠ್ಯಪುಸ್ತಕ ನೂರು ಎಂದಿದೆ. ಹಾಗಿರುವಾಗ ಒಂಬತ್ತು ಎಂದು ಬರೆಯಲು ಕೈ ಬಾರದು.

ನಮ್ಮ ಶಾಲೆ ಕಾಲೇಜುಗಳ ಪ್ರಯೋಗದ ಪುಸ್ತಕಗಳನ್ನು ತೆರೆದು ನೋಡಿ. ಲೋಲಕವನ್ನು ತೂಗಿಬಿಟ್ಟು ಗುರುತ್ವವನ್ನು ಅಳೆದ ಪ್ರತಿ ವಿದ್ಯಾರ್ಥಿಗೂ 980 ಬಂದಿರುತ್ತದೆ. ದಾರ ಸಡಿಲವಾಗಿರಲಿ, ಗಡಿಯಾರ ಕೆಟ್ಟಿರಲಿ, ಕಿಟಕಿಯಿಂದ ಗಾಳಿ ಬೀಸುತ್ತಿರಲಿ, ಉತ್ತರ 980. ಬರಬೇಕಾದ ಉತ್ತರವನ್ನು ಮೊದಲು ಬರೆದು, ಅದಕ್ಕೆ ತಕ್ಕ ಅಳತೆಗಳನ್ನು ಹಿಂದಿನಿಂದ ತುಂಬಿಸುವ ವಿದ್ಯೆಯನ್ನು ನಾವು ಯಾರೂ ಕಲಿಸುವುದಿಲ್ಲ. ಮಕ್ಕಳು ತಾವೇ ಕಲಿಯುತ್ತಾರೆ. 940 ಬರೆದವನಿಗೆ ಅಂಕ ಕಳೆಯುವವರು ಮಾತ್ರ ನಾವು. ಮೂವತ್ತು ವರ್ಷ ಈ ಕೆಲಸವನ್ನು ನಾನೂ ಮಾಡಿದ್ದೇನೆ. ಆದುದರಿಂದ ಬೇರೆಯವರನ್ನು ದೂರುವ ಅಧಿಕಾರ ನನಗಿಲ್ಲ.

ಅದಕ್ಕಿಂತ ದೊಡ್ಡದನ್ನೂ ಮಾಡಿದ್ದೇನೆ. ಅದನ್ನು ಇಲ್ಲಿ ಹೇಳದಿದ್ದರೆ ಉಳಿದುದೆಲ್ಲ ಬರಿಯ ಉಪದೇಶವಾದೀತು. 1999ರ ನವೆಂಬರ್ 18ರ ಬೆಳಗಿನ ಜಾವ ಸಿಂಹರಾಶಿಯ ಉಲ್ಕೆಗಳ ಬಿರುಗಾಳಿ ಬರುವುದೆಂದು ಲೋಕವೆಲ್ಲ ಕಾದಿತ್ತು. ನಾನು ಆಗ ಹೊಸ ಉಪಾಧ್ಯಾಯ. ಮಾಳಿಗೆಯ ಮೇಲೆ ಒಬ್ಬನೇ ಕುಳಿತಿದ್ದೆ. ಹಿಂಗಾರಿನ ಮೋಡ ಮುಕ್ಕಾಲು ಆಕಾಶವನ್ನು ಮುಚ್ಚಿತ್ತು. ಬೆಳಗಾಗುವವರೆಗೆ ನನಗೆ ಕಂಡ ಉಲ್ಕೆಗಳು ನಾಲ್ಕು. ಬಿರುಗಾಳಿಯೇನೋ ಬಂದದ್ದು ನಿಜ. ಅದರ ತುದಿ ಮುಟ್ಟಿದ್ದು ನಮ್ಮ ಗಡಿಯಾರದ ಏಳೂವರೆಗೆ, ಇಲ್ಲಿ ಸೂರ್ಯ ಹುಟ್ಟಿದ ಮೇಲೆ. ಆಗ ಕತ್ತಲಲ್ಲಿದ್ದ ಪಶ್ಚಿಮದ ನಾಡುಗಳವರು ಅದನ್ನು ಕಂಡರು. ಇದು ನನಗೆ ತಿಳಿಯುವ ಮೊದಲೇ ಶಾಲೆಯ ಭಿತ್ತಿಪತ್ರಿಕೆಗೆ ಲೇಖನ ಬರೆದಾಗಿತ್ತು. ಅದರಲ್ಲಿ 'ಸುಮಾರು ನಲವತ್ತು' ಎಂದು ಬರೆದೆ. ಮೋಡದ ಮಾತನ್ನೇ ಎತ್ತಲಿಲ್ಲ. ಎಲ್ಲರೂ ಮೆಚ್ಚಿದರು. ಒಬ್ಬ ಸಣ್ಣ ಹುಡುಗ ಬಂದು, ತಾನೂ ಎದ್ದು ನೋಡಿದೆ, ತನಗೆ ಎರಡೇ ಕಂಡವು, ತನ್ನ ಕಣ್ಣಿನಲ್ಲೇನೋ ದೋಷವಿರಬೇಕು ಎಂದು ಅಳುಮೋರೆ ಮಾಡಿಕೊಂಡು ಹೇಳಿದ. ನಾನು ಅವನಿಗೆ ನಿಜವನ್ನು ಹೇಳಲಿಲ್ಲ. ಗಮನವಿಟ್ಟು ನೋಡುವುದನ್ನು ಅಭ್ಯಾಸ ಮಾಡು ಎಂದು ಬುದ್ಧಿ ಹೇಳಿ ಕಳುಹಿಸಿದೆ.

ಆ ಹುಡುಗನ ಹೆಸರು ಈಗ ನೆನಪಿಲ್ಲ. ಮುಖ ನೆನಪಿದೆ. ಅವನ ಎರಡು ನನ್ನ ನಲವತ್ತಕ್ಕಿಂತ ಬೆಲೆಯುಳ್ಳ ಸಂಖ್ಯೆಯಾಗಿತ್ತು ಎಂಬುದನ್ನು ಇಷ್ಟು ವರ್ಷ ತಡವಾಗಿಯಾದರೂ ಅಚ್ಚಿನಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಮೋಡದ ಎಣಿಕೆಗೆ ಬೆಲೆ ಇದೆಯೇ ಎಂದು ಕೇಳುವವರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಆಕಾಶದ ಐದನೆಯ ಒಂದು ಪಾಲಿಗಿಂತ ಹೆಚ್ಚು ಮರೆಯಾದರೆ ಎಣಿಕೆಯನ್ನು ನಿಲ್ಲಿಸುವುದೇ ಮೇಲೆಂದು ಈ ಶಾಸ್ತ್ರದಲ್ಲಿ ಪಳಗಿದವರ ಸಲಹೆ. ಆಮೇಲಿನ ತಿದ್ದುಪಡಿ ಊಹೆಗೆ ಹತ್ತಿರವಾಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಐವತ್ತೈದನ್ನು ಯಾವ ವಿಜ್ಞಾನಿಯೂ ತಕ್ಕಡಿಗೆ ಹಾಕಲಾರ. ಇದನ್ನು ನಾನು ಒಪ್ಪುತ್ತೇನೆ. ಆದರೆ ತಕ್ಕಡಿಗೆ ಹಾಕಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸಬೇಕಾದವನು ಆಮೇಲೆ ಬರುವ ವಿದ್ವಾಂಸ. ಒಂಬತ್ತು ಉಲ್ಕೆ, ಒಂದು ಗಂಟೆ, ಹತ್ತರಲ್ಲಿ ನಾಲ್ಕು ಮೋಡ ಎಂದು ಮೂರನ್ನೂ ಬರೆದಿಟ್ಟರೆ ಅವನು ತೀರ್ಮಾನಿಸಬಲ್ಲ. ಐವತ್ತೈದು ಎಂದಷ್ಟೇ ಬರೆದರೆ ಅವನ ಕೈ ಕಟ್ಟಿದಂತೆ. ಏನನ್ನೂ ಬರೆಯದಿದ್ದರೆ, ಆ ರಾತ್ರಿ ಈ ನಾಡಿನಲ್ಲಿ ಮನುಷ್ಯರೇ ಇರಲಿಲ್ಲವೆಂದು ಅವನು ತಿಳಿದಾನು.

ಉಲ್ಕಾಶಾಸ್ತ್ರ ಹುಟ್ಟಿದ್ದೇ ಇಂಥ ಚೂರುಪಾರು ವರದಿಗಳಿಂದ. 1833ರ ನವೆಂಬರ್ 13ರ ಬೆಳಗಿನ ಜಾವ ಅಮೆರಿಕದ ಪೂರ್ವ ಭಾಗದ ಮೇಲೆ ಸಿಂಹರಾಶಿಯ ಉಲ್ಕೆಗಳು ಹಿಮದ ಹಾಗೆ ಸುರಿದವು. ಲೋಕ ಮುಗಿಯಿತೆಂದು ಜನ ಬೀದಿಯಲ್ಲಿ ಮೊಣಕಾಲೂರಿದರು. ಯೇಲ್ ಕಾಲೇಜಿನ ಪ್ರಾಧ್ಯಾಪಕ ಡೆನಿಸನ್ ಓಲ್ಮ್‌ಸ್ಟೆಡ್ ಮಾಡಿದ ಕೆಲಸ ಬೇರೆ. ತಾನು ಕಂಡದ್ದನ್ನು ಊರಿನ ದಿನಪತ್ರಿಕೆಗೆ ಬರೆದು, ಕಂಡವರೆಲ್ಲ ತಮಗೆ ಕಂಡದ್ದನ್ನು ತಿಳಿಸಬೇಕೆಂದು ಬೇಡಿಕೊಂಡ. ಪತ್ರಗಳು ಬಂದವು. ಅವುಗಳನ್ನು ಜೋಡಿಸಿದಾಗ ಉಲ್ಕೆಗಳೆಲ್ಲವೂ ಸಿಂಹರಾಶಿಯ ಒಂದೇ ಬಿಂದುವಿನಿಂದ ಹೊರಟಂತೆ ಕಾಣುತ್ತವೆಂಬುದೂ, ಅವು ಗಾಳಿಯ ವಿಕಾರವಲ್ಲ, ಭೂಮಿಯ ಹೊರಗಿನಿಂದ ಬಂದವು ಎಂಬುದೂ ಗೊತ್ತಾಯಿತು. ಪತ್ರ ಬರೆದವರಲ್ಲಿ ಎಲ್ಲರೂ ವಿದ್ವಾಂಸರಲ್ಲ. ಮುಂದೆ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ವಿಲಿಯಂ ಡೆನಿಂಗ್ ಎಂಬಾತ, ವೃತ್ತಿಯಿಂದ ಲೆಕ್ಕಪತ್ರ ನೋಡುವವನು, ಮಳೆಮೋಡಗಳಿಗೆ ಹೆಸರಾದ ಆ ದೇಶದಲ್ಲಿ ಜೀವಮಾನವೆಲ್ಲ ಉಲ್ಕೆಗಳನ್ನು ಎಣಿಸುತ್ತ ಕುಳಿತ. ಹಗಲು ಯಾರದೋ ಜಮಾಖರ್ಚು, ರಾತ್ರಿ ಆಕಾಶದ್ದು. ನಮ್ಮ ನೆರೆಯ ಹೈದರಾಬಾದಿನಲ್ಲಿಯೂ ಉಸ್ಮಾನಿಯಾ ವಿಶ್ವವಿದ್ಯಾಲಯದ ಮೊಹಮ್ಮದ್ ಅಬ್ದುರ್ ರಹಮಾನ್ ಖಾನರು ಬೇಗಂಪೇಟೆಯ ತಮ್ಮ ಮನೆಯಿಂದ ಇಂಥದೇ ವ್ರತವನ್ನು ನಡೆಸಿದವರು. ಅವರ ಉಲ್ಕಾವೀಕ್ಷಣೆಯ ಟಿಪ್ಪಣಿಗಳು ವಿದೇಶದ ಪತ್ರಿಕೆಗಳಲ್ಲಿ ಅಚ್ಚಾದವು.

ಮೋಡವನ್ನು ನಿಜವಾಗಿ ಗೆದ್ದದ್ದು ಇನ್ನೊಂದು ಕಥೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬರ್ನಾರ್ಡ್ ಲೊವೆಲ್ ಸೈನ್ಯದ ಹಳೆಯ ರಾಡಾರ್ ಯಂತ್ರಗಳನ್ನು ತಂದು, ಮ್ಯಾಂಚೆಸ್ಟರ್ ನಗರದ ವಿದ್ಯುತ್ ಟ್ರಾಮುಗಳ ಗದ್ದಲದಿಂದ ತಪ್ಪಿಸಿಕೊಳ್ಳಲು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಸೇರಿದ ಜಾಡ್ರೆಲ್ ಬ್ಯಾಂಕ್ ಎಂಬ ಬಯಲಿಗೆ ಸಾಗಿಸಿದ. ಅವನು ಹುಡುಕುತ್ತಿದ್ದದ್ದು ವಿಶ್ವಕಿರಣಗಳನ್ನು. ಸಿಕ್ಕಿದ್ದು ಉಲ್ಕೆಗಳ ಪ್ರತಿಧ್ವನಿ. ಉಲ್ಕೆ ಹಾಯ್ದ ದಾರಿಯಲ್ಲಿ ಗಾಳಿಯ ಕಣಗಳು ವಿದ್ಯುದಾವಿಷ್ಟವಾಗಿ, ರೇಡಿಯೋ ಅಲೆಗೆ ಕನ್ನಡಿಯಾಗುತ್ತವೆ. ಆದರೆ ಪರದೆಯ ಮೇಲೆ ಮಿನುಗಿದ ಗೆರೆ ಉಲ್ಕೆಯದೇ ಎಂದು ಹೇಳುವವರು ಯಾರು? 1946ರ ಬೇಸಗೆಯಲ್ಲಿ ಪ್ರೆಂಟಿಸ್ ಎಂಬ ವಕೀಲ, ಹವ್ಯಾಸದಿಂದ ಉಲ್ಕೆ ನೋಡುವವನು, ಬಂದು ಆ ಬಯಲಿನಲ್ಲಿ ಕುರ್ಚಿ ಹಾಕಿಕೊಂಡು ಮಲಗಿ ಆಕಾಶವನ್ನು ನೋಡಿದ. ಅವನು ಕಂಡೆ ಎಂದದ್ದನ್ನೂ ಯಂತ್ರ ಕಂಡದ್ದನ್ನೂ ತಾಳೆ ನೋಡಿದರು. ಆ ಅಕ್ಟೋಬರ್ 9-10ರ ರಾತ್ರಿ ಡ್ರಾಕೊ ಪುಂಜದ ಉಲ್ಕೆಗಳು ಬಂದಾಗ ಸಂದೇಹವೇ ಉಳಿಯಲಿಲ್ಲ. ಮರುವರ್ಷ ಅದೇ ಯಂತ್ರ ಹಗಲು ಹೊತ್ತಿನಲ್ಲಿ, ಸೂರ್ಯನ ಬೆಳಕಿನಲ್ಲಿ, ಯಾರೂ ಎಂದೂ ಕಂಡಿರದ ಉಲ್ಕಾವೃಷ್ಟಿಗಳನ್ನೇ ತೋರಿಸಿಕೊಟ್ಟಿತು.

ಈ ಕಥೆಯಲ್ಲಿ ನನಗೆ ಪ್ರಿಯವಾದ ಭಾಗ ಯಂತ್ರವಲ್ಲ, ಕುರ್ಚಿ. ಮೋಡದಾಚೆಯನ್ನು ನೋಡಬಲ್ಲ ಯಂತ್ರವನ್ನು ನಂಬುವುದಕ್ಕೂ ಮೊದಲು ಬರಿಗಣ್ಣಿನ ಪ್ರಾಮಾಣಿಕನೊಬ್ಬನ ಸಾಕ್ಷಿ ಬೇಕಾಯಿತು. ಅವನು ಕಾಣದ್ದನ್ನು ಕಂಡೆನೆಂದಿದ್ದರೆ ಆ ತಾಳೆಗೆ ಅರ್ಥವೆಲ್ಲಿರುತ್ತಿತ್ತು? ನಮ್ಮ ದೇಶದವರೂ ಈ ಕ್ಷೇತ್ರದಲ್ಲಿ ಹಿಂದುಳಿದವರಲ್ಲ. ಕಲ್ಕತ್ತೆಯಲ್ಲಿ ಶಿಶಿರಕುಮಾರ ಮಿತ್ರರು ತಮ್ಮ ಸಂಗಡಿಗರೊಂದಿಗೆ 1933ರ ನವೆಂಬರಿನ ಉಲ್ಕಾವೃಷ್ಟಿ ಅಯಾನುಮಂಡಲದ ಮೇಲೆ ಮಾಡಿದ ಪರಿಣಾಮವನ್ನು ಗಮನಿಸಿ, ಮರುವರ್ಷವೇ ಪ್ರಕಟಿಸಿದ್ದರು.

ನಮ್ಮ ಹಳೆಯ ಗ್ರಂಥಗಳಲ್ಲಿ ಉಲ್ಕೆಗೆ ಬರವಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಒಂದು ಅಧ್ಯಾಯವೇ ಇದೆ: ಧಿಷ್ಣ್ಯ, ಉಲ್ಕೆ, ಅಶನಿ, ವಿದ್ಯುತ್ತು, ತಾರೆ ಎಂದು ಐದು ಬಗೆ. ಸ್ವರ್ಗದಲ್ಲಿ ಪುಣ್ಯವನ್ನು ಉಂಡು ಮುಗಿಸಿ ಕೆಳಗೆ ಬೀಳುವವರ ರೂಪಗಳೇ ಅವು ಎಂಬುದು ಅಲ್ಲಿನ ವಿವರಣೆ. ಬಣ್ಣ, ಆಕಾರ, ದಿಕ್ಕು, ಫಲ ಎಲ್ಲವೂ ಉಂಟು. ಕಾವ್ಯಗಳಲ್ಲಿಯೂ ಯುದ್ಧದ ಮುನ್ನ ಉಲ್ಕೆ ಬೀಳದಿದ್ದರೆ ಯುದ್ಧಕ್ಕೆ ಕಳೆಯೇ ಇಲ್ಲ. ಆದರೆ ಇಂಥ ತಿಥಿಯ ರಾತ್ರಿ, ಇಂಥ ಊರಿನಲ್ಲಿ, ಇಷ್ಟು ಗಳಿಗೆಯಲ್ಲಿ, ಇಷ್ಟು ಬಿದ್ದವು ಎಂದು ಎಣಿಸುವ ಆಸಕ್ತಿ ಆ ಪುಟಗಳಲ್ಲಿ ಕಾಣುವುದಿಲ್ಲ. ಗ್ರಹಣವನ್ನು ನಮ್ಮ ಶಾಸನಗಳು ತಿಥಿವಾರ ಸಮೇತ ಬರೆದಿಟ್ಟಿವೆ, ಏಕೆಂದರೆ ಗ್ರಹಣದ ಹೊತ್ತಿನಲ್ಲಿ ಕೊಟ್ಟ ದಾನಕ್ಕೆ ಪುಣ್ಯ ಹೆಚ್ಚು. ಉಲ್ಕೆ ಬಿದ್ದ ಹೊತ್ತಿನಲ್ಲಿ ಭೂಮಿ ಬಿಟ್ಟುಕೊಡುವ ಸಂಪ್ರದಾಯವೊಂದು ಇದ್ದಿದ್ದರೆ ಇಂದಿನ ಖಗೋಳವಿಜ್ಞಾನಿಗಳು ನಮ್ಮ ಕಲ್ಲುಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದರು! ನನ್ನ ಅಜ್ಜಿಯಂತೂ ಬೀಳುವ ಚುಕ್ಕೆಯನ್ನು ಕಂಡರೆ ಯಾರಿಗೂ ಹೇಳಬಾರದು, ತಕ್ಷಣ ಹಸುರನ್ನು ನೋಡಬೇಕು ಎನ್ನುತ್ತಿದ್ದಳು. ಎಣಿಸುವುದಂತಿರಲಿ, ಕಂಡದ್ದೇ ತಪ್ಪು.

ಹೀಗಿರುವುದರಿಂದ ನನ್ನ ಕೋರಿಕೆ ದೊಡ್ಡದೇನಲ್ಲ. ಉಲ್ಕಾವೃಷ್ಟಿಯ ಮುನ್ಸೂಚನೆಗೆ ನಾಲ್ಕು ಅಂಗುಲ ಜಾಗ ಕೊಡುವ ಪತ್ರಿಕೆಗಳು, ಎರಡು ದಿನಗಳ ಮೇಲೆ ಒಂದಂಗುಲವನ್ನು ಓದುಗರ ಎಣಿಕೆಗೆ ಕೊಡಲಿ. ಊರು, ಗಂಟೆ, ಸಂಖ್ಯೆ, ಮೋಡ: ನಾಲ್ಕೇ ಮಾತು. ಮುಂಗಾರಿನಲ್ಲಿ ಬರುವ ಪರ್ಸೀಡ್‌ಗೂ, ಬಹುಮಟ್ಟಿಗೆ ಬಯಲಾದ ಡಿಸೆಂಬರ್ 14ರ ಸುತ್ತಿನ ಮಿಥುನರಾಶಿಯ ಉಲ್ಕೆಗಳಿಗೂ ಇದು ನಡೆಯಲಿ. ಪುತ್ತೂರಿನಿಂದ 'ಮಳೆ, ಏನೂ ಕಾಣಲಿಲ್ಲ' ಎಂದು ಬಂದರೆ ಅದನ್ನೂ ಅಚ್ಚು ಮಾಡಲಿ. ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳ ಪುಸ್ತಕದಲ್ಲಿ ಅಡ್ಡಗೆರೆ ಕಂಡಾಗ ಅದಕ್ಕೆ ಕೆಂಪು ಶಾಯಿ ಬಳಿಯದಿರಲಿ. ಇದರಿಂದ ವಿಜ್ಞಾನಕ್ಕೆ ಎಷ್ಟು ಲಾಭವಾದೀತೋ ಕಾಣೆ. ಎರಡೇ ಉಲ್ಕೆ ಕಂಡ ಹುಡುಗನೊಬ್ಬ ತನ್ನ ಕಣ್ಣನ್ನು ಅನುಮಾನಿಸದೆ ಶಾಲೆಗೆ ಬಂದಾನು.

ಆ ರಾತ್ರಿ ನಾವು ಬರೆದದ್ದು ಕೊನೆಗೆ ಹೀಗೆ ನಿಂತಿತು: '13-8-2023, ಬೆಳಗಿನ ಜಾವ 3ರಿಂದ 4. ಉಲ್ಕೆ 9. ಮೋಡ ಹತ್ತರಲ್ಲಿ ನಾಲ್ಕು.' ಐವತ್ತೈದನ್ನು ಅದರ ಕೆಳಗೆ, ಬೇರೆ ಸಾಲಿನಲ್ಲಿ, ಪೆನ್ಸಿಲಿನಿಂದ ಬರೆದೆವು. ನಾಲ್ಕೂವರೆಗೆ ಮೋಡ ಮತ್ತೆ ಕವಿಯಿತು. ಹೊಲದ ಯಜಮಾನರು ತಲೆಯೆತ್ತಿ ಬಹಳ ಹೊತ್ತು ಅದನ್ನೇ ನೋಡಿದರು. ಹನಿಯಲಿಲ್ಲ.

ಮರುವರ್ಷ, 2024ರ ಆಗಸ್ಟ್ 12ರ ರಾತ್ರಿ, ಮತ್ತೆ ಅದೇ ಬಂಡೆಗೆ ಹೋದೆವು. ಹತ್ತು ಗಂಟೆಗೆ ಶುರುವಾದ ಜಿನುಗು ನಾಲ್ಕರವರೆಗೂ ಬಿಡಲಿಲ್ಲ. ಯಜಮಾನರ ಮನೆಯ ಜಗಲಿಯಲ್ಲಿ ಕುಳಿತು ಹುಡುಗಿ ಪುಸ್ತಕ ತೆರೆದು ಹನ್ನೆರಡು ಅಡ್ಡಗೆರೆಗಳನ್ನು ಒಂದರ ಕೆಳಗೊಂದು ಎಳೆದಳು. ಯಜಮಾನರು ಹುರಿದ ಕಡಲೆಕಾಯಿಯನ್ನು ಮೊರದಲ್ಲಿ ತಂದು ನಮ್ಮ ಮುಂದಿಟ್ಟು, "ಈ ಸಲ ನಿಮ್ಮದು ಸೋತಿತು ಮೇಷ್ಟ್ರೇ" ಎಂದರು. ಈ ಸಲ ನಗುತ್ತಲೇ.